ಮೂರನೇ ಕೂಗು

ಹೇಳಿದ ಬೆಲೆಯನ್ನು ಹೇಳಿದ ಹಾಗೇ ಕೊಟ್ಟು ಬರುವವನು ಮನುಷ್ಯನೇ ಅಲ್ಲ ಎಂಬುದು ಮುಕ್ಕಾಲಪ್ಪನ ಸಿದ್ಧಾಂತ. ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಅದು ಈಗ ನೀರು ಸರಬರಾಜು ಕಚೇರಿಯ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದೆ. ಬೀದಿಯವರಿಗೆ, ನೆಂಟರಿಗೆ, ತರಕಾರಿಯವರಿಗೆ ಅವನು ಮುಕ್ಕಾಲಪ್ಪ. ಯಾರು ಏನೇ ಬೆಲೆ ಹೇಳಲಿ, ಅದರ ಮುಕ್ಕಾಲು ಪಾಲಿಗಿಂತ ಹೆಚ್ಚಿಗೆ ಒಂದು ಕಾಸು ಬಿಚ್ಚಿದವನಲ್ಲ. ಒಮ್ಮೆ ಹಲ್ಲು ಕೀಳಿಸಿಕೊಳ್ಳಲು ಹೋಗಿ, ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೇ ಡಾಕ್ಟರ ಜೊತೆ ಚೌಕಾಸಿಗಿಳಿದಿದ್ದ. ಡಾಕ್ಟರು ಬಗ್ಗಲಿಲ್ಲ. ಕುತ್ತಿಗೆಗೆ ಕಟ್ಟಿದ ಬಟ್ಟೆಯ ಸಮೇತ ಎದ್ದು ಹೊರಟ. ಮೆಟ್ಟಿಲಿಳಿಯುವಷ್ಟರಲ್ಲಿ ಡಾಕ್ಟರು ಕೂಗಿ ಕರೆದರು. ಬಟ್ಟೆ ಕೊಟ್ಟು ಹೋಗಿ ಎನ್ನಲು ಕರೆದೆ ಎಂದು ಅವರು ಈಗಲೂ ಹೇಳುತ್ತಾರೆ. ಮುಕ್ಕಾಲಪ್ಪ ಈಗಲೂ ನಂಬುವುದಿಲ್ಲ.

ಅವನ ವಿದ್ಯೆಯ ಗುಟ್ಟೆಲ್ಲ ಇರುವುದು ಹೊರಟು ನಡೆಯುವುದರಲ್ಲೇ. ಬೆಲೆ ಕೇಳಬೇಕು, ಮುಖ ಹುಳ್ಳಗೆ ಮಾಡಬೇಕು, ಬೆನ್ನು ತಿರುಗಿಸಿ ನಡೆಯಬೇಕು. ವ್ಯಾಪಾರಿ ಹಿಂದಿನಿಂದ ಕೂಗುತ್ತಾನೆ. "ಮೊದಲನೇ ಕೂಗು ಬರೀ ಅಭ್ಯಾಸಬಲ" ಎಂದು ಅವನು ಕಚೇರಿಯಲ್ಲಿ ಹೊಸಬರಿಗೆ ಪಾಠ ಹೇಳುತ್ತಿದ್ದ. "ಎರಡನೇ ಕೂಗು ಆಸೆ. ಮೂರನೇದಿದೆಯಲ್ಲ, ಅದು ಸತ್ಯ. ಮೂರನೇ ಕೂಗಿಗೆ ತಿರುಗೋನೇ ಗಂಡು." ಇಷ್ಟು ವರ್ಷ ಬದನೆಕಾಯಿ, ಚಪ್ಪಲಿ, ಛತ್ರಿಗಳ ಮಟ್ಟಿಗೆ ಈ ಸಿದ್ಧಾಂತ ಸುಳ್ಳಾಗಿರಲಿಲ್ಲ. ಕಂಪ್ಯೂಟರಿನ ತನಕ ಅದನ್ನು ಎಳೆದು ತಂದದ್ದು ಅವನ ಷಡ್ಡಕ.

ಷಡ್ಡಕನೆಂದರೆ ಹೆಂಡತಿಯ ತಂಗಿಯ ಗಂಡ. ಹೊಸ ವಸ್ತು ಕೊಂಡರೆ ನೆಂಟರನ್ನು ಊಟಕ್ಕೆ ಕರೆಯುವ ಜಾತಿ. ಆ ಭಾನುವಾರ ಊಟ ಮುಗಿದು ಕೈ ಒರೆಸಿಕೊಳ್ಳುವ ಮೊದಲೇ ಹೊಸ ಕಂಪ್ಯೂಟರನ್ನು ತಂದು ಮುಂದಿಟ್ಟ.

"ಪೇಟೆ ಅಂಗಡೀಲಿ ತಗೊಂಡೆ ಅಣ್ಣ. ಬ್ಯಾಗು ಫ್ರೀ ಕೊಟ್ರು."

"ಎಷ್ಟಕ್ಕೆ?"

ಷಡ್ಡಕ ಬೆಲೆ ಹೇಳಿದ. ಮುಕ್ಕಾಲಪ್ಪ ಎದೆ ಹಿಡಿದುಕೊಂಡು ಗೋಡೆಗೆ ಒರಗಿದ. ನೀರು ತರಲು ಓಡಿದ ನಾದಿನಿ ಅರ್ಧ ದಾರಿಯಲ್ಲಿ, ಇದು ಭಾವನ ಮಾಮೂಲಿ ಎಂದು ನೆನಪಾಗಿ ವಾಪಸು ಬಂದಳು.

"ಅಂಗಡೀಲಿ ತಗೊಂಡ್ಯಾ? ಅಯ್ಯೋ ಪುಣ್ಯಾತ್ಮ! ಅಂಗಡಿ ಬಾಡಿಗೆ, ಅವನ ಫ್ಯಾನು, ಅವನ ಕರೆಂಟು, ಬಾಗಿಲಲ್ಲಿ ಸಲಾಮು ಹೊಡೆಯೋನ ಸಂಬಳ, ಎಲ್ಲ ನಿನ್ನ ತಲೆ ಮೇಲೇ ಬಂತಲ್ಲೋ. ಹಾಲು ಬೇಕು ಅಂದ್ರೆ ಹಸು ಹತ್ರ ಹೋಗ್ಬೇಕು. ನಾನು ತಗೊಳ್ಳೋದಾದ್ರೆ ಮಾಡೋ ಕಂಪನಿ ಹತ್ರಾನೇ ನೇರವಾಗಿ ತಗೋತೀನಿ. ಅದೂ ಅರ್ಧಕ್ಕೆ!"

ಹುಟ್ಟಿದಾಗಿನಿಂದ ಮುಕ್ಕಾಲಿನ ಲೆಕ್ಕದಲ್ಲೇ ಬದುಕಿದ ಮನುಷ್ಯ ಅವತ್ತು ಆವೇಶದಲ್ಲಿ ಅರ್ಧ ಅಂದುಬಿಟ್ಟ. ಬಾಯಿಂದ ಬಿದ್ದ ಮಾತು, ಹೆಕ್ಕಿಕೊಳ್ಳಲು ಆಗುತ್ತದೆಯೇ? ಷಡ್ಡಕ ಮೀಸೆಯಡಿಯಲ್ಲಿ ನಗುತ್ತ, "ಆಗ್ಲಿ ಅಣ್ಣ, ನೋಡೇಬಿಡೋಣ" ಎಂದ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಮಾತ್ರ ನಗಲಿಲ್ಲ. "ಅರ್ಧಕ್ಕೋ ಪೂರ್ತಿಗೋ, ನಾಳೆ ಬಿಟ್ಟು ಮುಂದಿನ ಸೋಮವಾರ ಹತ್ತು ಗಂಟೆಗೆ ಅದು ನನ್ನ ಮುಂದೆ ಇದ್ರೆ ಸಾಕು ಕಣ್ರೀ" ಎಂದಳು.

ಕಂಪ್ಯೂಟರ್ ಬೇಕಾಗಿದ್ದದ್ದು ಅವಳಿಗೆ. ಬೀದಿಯವರೆಲ್ಲ ಅವಳನ್ನು ಟೀಚರಮ್ಮ ಎನ್ನುತ್ತಿದ್ದರು. ಪಾಠ ಹೇಳುತ್ತಿದ್ದ ಶಾಲೆ ಮುಚ್ಚಿಹೋದ ಮೇಲೆ ಮನೆಯಿಂದಲೇ ಮಕ್ಕಳಿಗೆ ಫೋನಿನಲ್ಲಿ ಗಣಿತ ಹೇಳುತ್ತಿದ್ದಳು. ಸಕ್ಕರೆ ಡಬ್ಬಕ್ಕೂ ಬೇಳೆ ಡಬ್ಬಕ್ಕೂ ನಡುವೆ ಫೋನು ಸಿಕ್ಕಿಸಿ, ಸಾಸಿವೆ ಕಾಳಿನಷ್ಟು ಚಿಕ್ಕದಾಗಿ ಕಾಣುವ ಮುಖಗಳನ್ನು ನೋಡಿ ನೋಡಿ, ಸಂಜೆಯಾದರೆ ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಈಗ ಒಂದು ದೊಡ್ಡ ಟ್ಯೂಷನ್ ಸಂಸ್ಥೆಯವರು ಕರೆದಿದ್ದರು. ಸೋಮವಾರ ಬೆಳಿಗ್ಗೆ ಪರೀಕ್ಷಾರ್ಥ ಒಂದು ಕ್ಲಾಸು, ಮುಖ್ಯಸ್ಥರೇ ಕೂತು ನೋಡುತ್ತಾರೆ. ಆದರೆ ಫೋನಿನಲ್ಲಿ ನಡೆಯುವುದಿಲ್ಲ, ಕಂಪ್ಯೂಟರ್ ಇರಲೇಬೇಕು. ಇಲ್ಲದಿದ್ದರೆ ಆ ಜಾಗ ಬೇರೆಯವರಿಗೆ. ಶಾಲೆ ಮುಚ್ಚಿದ ದಿನ ಅವಳು ಒಲೆಯನ್ನೇ ಹಚ್ಚಿರಲಿಲ್ಲ. ಈ ಕರೆ ಬಂದ ದಿನ ಒಗ್ಗರಣೆ ಹಾಕುತ್ತ ಹಾಡು ಗುನುಗಿದ್ದಳು. ಅದನ್ನು ಮುಕ್ಕಾಲಪ್ಪ ಕೇಳಿಸಿಕೊಂಡಿದ್ದ. ಅವಳಿಗೆ ಕೊಡಿಸಲೇಬೇಕು ಎಂಬ ಆಸೆ ಅವನಲ್ಲಿ ಸಾಚಾ ಆಗಿಯೇ ಇತ್ತು. ಅದರ ಪಕ್ಕದಲ್ಲೇ ಷಡ್ಡಕನ ಮೀಸೆಯೂ ಕೂತಿತ್ತು, ಅದೇ ಎಡವಟ್ಟು.

ಮಾರನೆಯ ದಿನ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತು, ಮುಕ್ಕಾಲಪ್ಪ ಫೋನಿನಲ್ಲಿ ಕಂಪನಿಯ ವೆಬ್‌ಸೈಟು ತೆರೆದ. ಎದುರು ಮನೆಯ ನಿವೃತ್ತ ಪೋಸ್ಟ್‌ಮಾಸ್ತರರು ಕನ್ನಡಕ ಏರಿಸಿಕೊಂಡು ಬಂದು ಪಕ್ಕದಲ್ಲಿ ಕೂತರು. ಪಕ್ಕದ ಮನೆಯ ನರ್ಸಮ್ಮ ರಾತ್ರಿ ಪಾಳಿ ಮುಗಿಸಿ ಬಂದವರು ಗೇಟಿನಲ್ಲೇ ನಿಂತರು. ಹೆಂಡತಿಗೆ ಬೇಕಾದ ಕಂಪ್ಯೂಟರ್ ಪರದೆಯ ಮೇಲೆ ಬಂತು. ಅದರ ಮೂಲೆಯಲ್ಲೊಂದು ಪುಟ್ಟ ತಳ್ಳುಗಾಡಿಯ ಚಿತ್ರ.

ಮುಕ್ಕಾಲಪ್ಪನ ಮುಖ ಅರಳಿತು. "ನೋಡಿದ್ರಾ ಮಾಸ್ತರೇ? ಗಾಡಿ! ಎಷ್ಟೇ ದೊಡ್ಡ ಕಂಪನಿ ಆಗ್ಲಿ, ಕೊನೆಗೆ ಅವನೂ ತಳ್ಳುಗಾಡಿ ವ್ಯಾಪಾರಿನೇ. ಅವನೇ ಚಿತ್ರ ಹಾಕಿ ಒಪ್ಕೊಂಡಿದಾನೆ."

"ಹೌದಲ್ವೇ!" ಎಂದು ಮಾಸ್ತರರು ಬೆರಗಾದರು.

"ಅದು ಸಾಮಾನು ಹಾಕ್ಕೊಳ್ಳೋ ಗಾಡಿ ಸಾರ್" ಎಂದರು ನರ್ಸಮ್ಮ. "ಹಾಕಿ, ದುಡ್ಡು ಕಟ್ಟಿ. ಬುಧವಾರಕ್ಕೆ ಮನೆಗೆ ಬರುತ್ತೆ."

ಮುಕ್ಕಾಲಪ್ಪ ಅವರನ್ನು, ಈಜು ಬರದವರನ್ನು ಈಜುಗಾರ ನೋಡುವ ಹಾಗೆ ಕರುಣೆಯಿಂದ ನೋಡಿದ. ಕಂಪ್ಯೂಟರನ್ನು ಗಾಡಿಗೆ ಹಾಕಿದ. ಬೆಲೆ ನೋಡಿ ಮುಖ ಹುಳ್ಳಗೆ ಮಾಡಿದ. ಫೋನಿಗೆ ಕಾಣಲೆಂದು ಹತ್ತಿರ ಹಿಡಿದೇ ಮಾಡಿದ. ಆಮೇಲೆ ವೆಬ್‌ಸೈಟು ಮುಚ್ಚಿ, ಎದ್ದು, ಗೇಟು ದಾಟಿ ಬೀದಿಯ ಕೊನೆಯವರೆಗೆ ನಡೆದು ಹೋದ. ಆನ್‌ಲೈನ್ ವ್ಯಾಪಾರಕ್ಕೆ ನಡೆಯುವುದೇಕೆ ಎಂದು ಕೇಳಬಾರದು. ಕುಳಿತಲ್ಲೇ ಹೊರಟು ಹೋಗುವುದು ಅವನಿಗೆ ಅಭ್ಯಾಸವಿರಲಿಲ್ಲ.

ಆಶ್ಚರ್ಯವೆಂದರೆ ಸಂಜೆಗೆ ಕಂಪನಿಯಿಂದ ಮಿಂಚಂಚೆ ಬಂತು. "ನಿಮ್ಮ ಗಾಡಿಯಲ್ಲಿ ಏನನ್ನೋ ಮರೆತು ಹೋಗಿದ್ದೀರಿ. ಇಂದೇ ಕೊಂಡರೆ ಮೌಸ್ ಉಚಿತ."

"ಕೂಗಿದ!" ಎಂದು ಮುಕ್ಕಾಲಪ್ಪ ಜಗಲಿಯಿಂದ ಎಷ್ಟು ಜೋರಾಗಿ ಕೂಗಿದನೆಂದರೆ ಮಾಸ್ತರರು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಓಡಿ ಬಂದರು. ಬೀದಿಗೆಲ್ಲ ಸುದ್ದಿ ಹೋಯಿತು. ಮುಕ್ಕಾಲಪ್ಪ ಒಂದು ದಿನಕ್ಕೇ ಕಂಪನಿಯನ್ನು ಮಣಿಸಿದನಂತೆ, ಇಲಿ ಕೊಡಲು ಒಪ್ಪಿದ್ದಾರಂತೆ ಎಂದು ಕಟಿಂಗ್ ಶಾಪಿನಲ್ಲಿ ಮಾತಾಯಿತು. ಹೆಂಡತಿ, "ಸರಿ, ಈಗ ತಗೊಂಡುಬಿಡಿ" ಎಂದಳು. "ಇದು ಮೊದಲನೇ ಕೂಗು ಕಣೇ" ಎಂದ.

ಮಂಗಳವಾರ ಅವನು ಕಂಪನಿಗೇ ಫೋನು ಹಚ್ಚಿದ. ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದ. ಬಹಳ ಹೊತ್ತು ಸಂಗೀತ ಕೇಳಿಸಿ, ಕೊನೆಗೊಬ್ಬ ಸಿಕ್ಕಿದ. ದನಿ ಚಿಕ್ಕ ವಯಸ್ಸಿನದು, ಸಾಧುವಾದದ್ದು.

"ನಮಸ್ಕಾರ ಸರ್, ನನ್ನಿಂದ ಏನು ಸಹಾಯ ಆಗ್ಬೇಕಿತ್ತು?"

"ಕೊನೇ ರೇಟು ಹೇಳಿ. ಅದೇ ಸಹಾಯ."

"ವೆಬ್‌ಸೈಟಲ್ಲಿ ಇರೋದೇ ಬೆಲೆ ಸರ್."

"ಅದು ಗೋಡೆ ಮೇಲೆ ಬರೆಯೋ ಬೆಲೆ. ಮನಸಲ್ಲಿರೋ ಬೆಲೆ ಹೇಳಿ."

"ನನ್ನ ಮನಸಲ್ಲೂ ಅದೇ ಇದೆ ಸರ್."

"ಬೆಳಿಗ್ಗೆಯಿಂದ ಬೋಣಿ ಆಗಿದೆಯೇನ್ರೀ? ನಿಜ ಹೇಳಿ. ನಿಮ್ಮ ಗೋಡೌನಲ್ಲಿ ಕೂತ್ಕೊಂಡು ಅದೇನು ಮರಿ ಹಾಕುತ್ತಾ? ಅರ್ಧಕ್ಕೆ ಕೊಡಿ, ಈಗಲೇ ಎತ್ಕೊಂಡು ಹೋಗ್ತೀನಿ."

ಅಷ್ಟರಲ್ಲಿ ಆ ಕಡೆಯಿಂದ ಒಂದು ಮಗುವಿನ ಅಳು ಕೇಳಿಸಿತು. "ಅಪ್ಪಾ, ಈ ಲೆಕ್ಕ ಬರ್ತಾನೇ ಇಲ್ಲ, ನಾಳೆ ಮಿಸ್ ಬೈತಾರೆ!" ಫೋನಿನವನು ಗಾಬರಿಯಾಗಿ, "ಸಾರಿ ಸರ್, ಮನೆಯಿಂದ ಕೆಲಸ ಮಾಡ್ತಿದೀನಿ, ಒಂದೇ ನಿಮಿಷ" ಎಂದ.

ಮುಕ್ಕಾಲಪ್ಪ ಮಾಸ್ತರರ ಕಡೆ ಕಣ್ಣು ಮಿಟುಕಿಸಿದ. "ಮಗೂನ ಅಳಿಸಿ ಕರುಣೆ ಹುಟ್ಟಿಸ್ತಾನೆ. ಹಳೇ ತಂತ್ರ." ಎಂದವನೇ ಫೋನು ಕುಕ್ಕಿ, ಎದ್ದು ಬೀದಿಯ ಕೊನೆಗೆ ನಡೆಯತೊಡಗಿದ.

ಅವನು ಇನ್ನೂ ಕಟಿಂಗ್ ಶಾಪು ದಾಟಿರಲಿಲ್ಲ, ಮನೆಯಲ್ಲಿ ಬಿಟ್ಟು ಬಂದಿದ್ದ ಫೋನು ಬಡಿದುಕೊಂಡಿತು. ಮಾಸ್ತರರು ಅದನ್ನು ಹಿಡಿದು ಓಡೋಡಿ ಬಂದರು. "ಕಂಪನಿ! ಕಂಪನಿ!"

"ಎರಡನೇ ಕೂಗು" ಎಂದು ಮುಕ್ಕಾಲಪ್ಪ ಗಂಭೀರವಾಗಿ ಫೋನು ಕಿವಿಗಿಟ್ಟ. ಒಬ್ಬ ಹೆಂಗಸಿನ ರೆಕಾರ್ಡಾದ ದನಿ. "ನಮ್ಮ ಪ್ರತಿನಿಧಿಯ ಸೇವೆ ಹೇಗಿತ್ತು? ಒಂದರಿಂದ ಐದರೊಳಗೆ ಒಂದು ಸಂಖ್ಯೆಯನ್ನು ಒತ್ತಿ."

"ಐದಾ? ಐದಕ್ಕೆಲ್ಲ ಆಗಲ್ಲಮ್ಮ" ಎಂದ ಮುಕ್ಕಾಲಪ್ಪ.

"ಕ್ಷಮಿಸಿ, ಅರ್ಥವಾಗಲಿಲ್ಲ. ಒಂದರಿಂದ ಐದರೊಳಗೆ..."

"ಮೊದಲು ಯಾರಿಗೂ ಅರ್ಥ ಆಗಲ್ಲ. ಆಮೇಲೆ ಆಗುತ್ತೆ. ತಗೋ, ಒಂದು!" ಎಂದು ಒತ್ತಿದ.

"ಧನ್ಯವಾದಗಳು" ಎಂದಿತು ದನಿ.

ಕಟಿಂಗ್ ಶಾಪಿನಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡು ಕೂತಿದ್ದವರೂ ಚಪ್ಪಾಳೆ ತಟ್ಟಿದರು. ಐದು ಕೇಳಿದವಳನ್ನು ಒಂದಕ್ಕೆ ಒಪ್ಪಿಸಿದ್ದಲ್ಲದೆ ಧನ್ಯವಾದವನ್ನೂ ಹೇಳಿಸಿಕೊಂಡ ಗಂಡಸು ಬೇರೆ ಯಾರಿದ್ದಾನೆ?

ಮನೆಗೆ ಬಂದು ಹೇಳಿದಾಗ ಹೆಂಡತಿ ಹಣೆ ಚಚ್ಚಿಕೊಂಡಳು. "ರೀ! ಅದು ಬೆಲೆ ಅಲ್ಲ, ಆ ಹುಡುಗನಿಗೆ ಮಾರ್ಕ್ಸು! ಐದಕ್ಕೆ ಒಂದು ಕೊಟ್ಟು ಬಂದ್ರಾ? ಅವನು ಮಾಡಿದ ತಪ್ಪಾದ್ರೂ ಏನು? ಪಾಪ, ಮಗು ಬೇರೆ ಅಳ್ತಿತ್ತು. ನಾಳೆ ಅವನ ಸಾಹೇಬರು ಬೈದು ಕೆಲಸದಿಂದ ತೆಗೆದ್ರೆ?"

"ವ್ಯಾಪಾರದಲ್ಲಿ ದಯೆ ದಾಕ್ಷಿಣ್ಯ ಇಟ್ಕೋಬಾರ್ದು" ಎಂದ ಮುಕ್ಕಾಲಪ್ಪ.

ಟೀಚರಮ್ಮ ಅವನನ್ನು ಒಂದು ಥರಾ ನೋಡಿದಳು. ಮೂವತ್ತೈದಕ್ಕೆ ಮೂವತ್ತಮೂರು ಬಂದ ಮಕ್ಕಳಿಗೆ ಎಲ್ಲಿಂದಲೋ ಎರಡು ಮಾರ್ಕು ಹುಡುಕಿ ಕೊಟ್ಟು ಪಾಸು ಮಾಡಿದ ಹೆಂಗಸು ಅವಳು. ತನ್ನ ಫೋನು ಎತ್ತಿಕೊಂಡು, "ನರ್ಸಮ್ಮನಿಗೆ ನಾಲ್ಕು ಹಸಿಮೆಣಸಿನಕಾಯಿ ಕೊಟ್ಟು ಬರ್ತೀನಿ" ಎಂದು ಪಕ್ಕದ ಮನೆಗೆ ಹೋದಳು. ಬರುವಾಗ ಬಹಳ ಹೊತ್ತಾಯಿತು. ಆಮೇಲಿನ ದಿನಗಳಲ್ಲೂ ನರ್ಸಮ್ಮನ ಮನೆಗೆ ದಿನಾ ಏನಾದರೊಂದು ಕೊಡುವುದು ಇದ್ದೇ ಇರುತ್ತಿತ್ತು. ಮುಕ್ಕಾಲಪ್ಪ ಅದನ್ನು ಗಮನಿಸಲಿಲ್ಲ. ಅವನ ಕಿವಿಯೆಲ್ಲ ಮೂರನೇ ಕೂಗಿನ ಕಡೆಗಿತ್ತು.

ಬುಧವಾರ ಕೂಗಲಿಲ್ಲ. ಗುರುವಾರವೂ ಕೂಗಲಿಲ್ಲ. ಕಚೇರಿಯಲ್ಲಿ ಕೂತವನು ಫೋನನ್ನೇ ನೋಡುತ್ತ, ನಲ್ಲಿ ಕೆಟ್ಟಿದೆ ಎಂದು ದೂರು ಕೊಡಲು ಬಂದವರಿಗೆ, "ಮನಸಲ್ಲಿರೋದು ಹೇಳಿ" ಎಂದ. ಸಾಹೇಬರು ಕರೆದು ವಿಚಾರಿಸಿದರು. ವಿಷಯ ತಿಳಿದ ಮೇಲೆ ಅವರಿಗೂ ಆಸಕ್ತಿ ಹುಟ್ಟಿತು. "ಒಬ್ಬ ಗಿರಾಕಿ ಹೋದ್ರೆ ಅಷ್ಟು ದೊಡ್ಡ ಕಂಪನಿಗೇನ್ರೀ ನಷ್ಟ?" ಎಂದರು.

ಅವರು ಸುಮ್ಮನೆ ಅಂದದ್ದು. ಮುಕ್ಕಾಲಪ್ಪನ ತಲೆಯಲ್ಲಿ ಮಾತ್ರ ದೀಪ ಹೊತ್ತಿಕೊಂಡಿತು. ಒಬ್ಬ ಹೊರಟು ಹೋದರೆ ನಷ್ಟವಿಲ್ಲ. ಒಂದು ಸಂತೆಯೇ ಎದ್ದು ಹೊರಟರೆ? ಶುಕ್ರವಾರ ಬೆಳಿಗ್ಗೆಯಿಂದ ಅವನು ದಂಡು ಕಟ್ಟಿದ. ಕಚೇರಿಯವರು, ಕಟಿಂಗ್ ಶಾಪಿನವರು, ಮಾಸ್ತರರು, ಮಾಸ್ತರರ ಸೊಸೆ, ದೂರದ ಚಿಕ್ಕಪ್ಪ, ಅವರ ಬೀಗರು, ಯಾರನ್ನೂ ಬಿಡಲಿಲ್ಲ. ಎಲ್ಲರಿಗೂ ಒಂದೇ ಆಜ್ಞೆ. ಅದೇ ಕಂಪ್ಯೂಟರನ್ನು ಗಾಡಿಗೆ ಹಾಕಬೇಕು, ಮುಖ ಹುಳ್ಳಗೆ ಮಾಡಬೇಕು, ಬಿಟ್ಟು ಹೊರಡಬೇಕು. ಮತ್ತೆ ಬರಬೇಕು, ಮತ್ತೆ ಹೊರಡಬೇಕು. ನೆಂಟರಿಷ್ಟರು ಇಷ್ಟು ಒಗ್ಗಟ್ಟಿನಿಂದ ಯಾವ ಮದುವೆಯಲ್ಲೂ ಕೆಲಸ ಮಾಡಿರಲಿಲ್ಲ. ಕಿವಿ ಮಂದವಾಗಿದ್ದ ಚಿಕ್ಕಪ್ಪ ಮಾತ್ರ ಮುಖ ಹುಳ್ಳಗೆ ಮಾಡುವುದೊಂದನ್ನೇ ದಿನವಿಡೀ ಮಾಡಿದರಂತೆ.

ಶನಿವಾರ ಬೆಳಿಗ್ಗೆ ಮುಕ್ಕಾಲಪ್ಪ ಫಲ ನೋಡಲು ವೆಬ್‌ಸೈಟು ತೆರೆದ. ಪರದೆಯ ಮೇಲೆ ಕೆಂಪಕ್ಷರ ಮಿನುಗುತ್ತಿತ್ತು. "ಭಾರೀ ಬೇಡಿಕೆ! ಈಗ ನಿಮ್ಮ ಊರಿನಲ್ಲಿ ಅನೇಕರು ಇದನ್ನು ನೋಡುತ್ತಿದ್ದಾರೆ. ಕೆಲವೇ ಉಳಿದಿವೆ." ಬೆಲೆ ಮೇಲೆ ಹೋಗಿತ್ತು. ಮೌಸೂ ಮಾಯವಾಗಿತ್ತು.

"ಮಾಸ್ತರೇ!" ಎಂದು ಅವನು ಕಿರುಚಿದ. "ಯಾರೋ ನಮಗೆ ಎದುರು ನಿಂತಿದಾರೆ! ಈ ಊರಲ್ಲೇ ಇದಾರೆ! ಗುಂಪು ಕಟ್ಕೊಂಡು ಬಂದಿದಾರೆ!"

"ಯಾರಿರಬಹುದು?" ಎಂದು ಮಾಸ್ತರರು ತಮ್ಮ ಫೋನಿನಲ್ಲಿ ಅದೇ ಕಂಪ್ಯೂಟರನ್ನು ಹನ್ನೊಂದನೇ ಸಲ ಗಾಡಿಗೆ ಹಾಕುತ್ತ ಯೋಚಿಸಿದರು.

ಮುಕ್ಕಾಲಪ್ಪನಿಗೆ ಒಂದೇ ಒಂದು ಮೀಸೆ ಹೊಳೆಯಿತು. ನೇರವಾಗಿ ಷಡ್ಡಕನ ಮನೆಗೆ ಹೋದ. "ನನ್ನ ಮೂಗು ಕೊಯ್ಯಬೇಕು ಅಂತ ಬೆಲೆ ಏರಿಸ್ತಿದೀಯೇನೋ? ನಿನಗೆ ಒಂದಿದೆಯಲ್ಲ, ಅದು ಸಾಲದಾ?"

ಷಡ್ಡಕನಿಗೂ ಸಿಟ್ಟು ನೆತ್ತಿಗೇರಿತು. "ನಾನು ನಿನ್ನೆಯಿಂದ ಕೆಲಸ ಬಿಟ್ಟು ಗಾಡಿಗೆ ಹಾಕೋದು ತೆಗೆಯೋದು ಮಾಡ್ತಿದೀನಿ. ಯಾಕೆ ಗೊತ್ತಾ? ನೀನೇ ನನ್ನ ಹೆಂಡತಿಗೆ ಹೇಳಿಕಳಿಸಿದೀಯ! ಆ ಅನೇಕರು ಬೇರೆ ಯಾರೂ ಅಲ್ಲ ಅಣ್ಣ, ನಾವೇ! ನೀನೇ!"

ಮುಕ್ಕಾಲಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತ. ತನ್ನ ಕಾಲ ಮೇಲೆ ಕಲ್ಲು ಹಾಕಿಕೊಳ್ಳುವವರನ್ನು ಲೋಕ ಕಂಡಿದೆ. ಕಲ್ಲು ಹೊರಲು ನೆಂಟರನ್ನೆಲ್ಲ ಕರೆದವನು ಇವನೊಬ್ಬನೇ ಇರಬೇಕು. ಆದರೂ ಸೋಲೊಪ್ಪುವುದುಂಟೆ? "ನಿನ್ನ ಕಂಪ್ಯೂಟರ್ ಮುಖಾನೂ ಇನ್ನು ನೋಡಲ್ಲ" ಎಂದು ಶಪಥ ಮಾಡಿ ಬಂದುಬಿಟ್ಟ. ಅವಸರಕ್ಕೆ ಎರವಲು ಸಿಗಬಹುದಾಗಿದ್ದ ಒಂದೇ ಒಂದು ಯಂತ್ರದ ಬಾಗಿಲೂ ಹೀಗೆ ಮುಚ್ಚಿತು.

ಭಾನುವಾರ ಅವನ ಧೈರ್ಯ ಉಡುಗಿತು. ಎಷ್ಟಾದರೂ ಆಗಲಿ, ಕೊಟ್ಟುಬಿಡುತ್ತೇನೆ ಎಂದು ಜೀವನದಲ್ಲಿ ಮೊದಲ ಬಾರಿಗೆ ನಿರ್ಧರಿಸಿ ಕಂಪನಿಗೆ ಫೋನು ಮಾಡಿದ. ಈ ಸಲ ಸಿಕ್ಕಿದ್ದು ಬೇರೆ ದನಿ, ಒಬ್ಬ ಹೆಂಗಸು.

"ಪೂರ್ತಿ ಬೆಲೆ ಕೊಡ್ತೀನಿ ತಾಯಿ. ನಾಳೆ ಹತ್ತು ಗಂಟೆಯೊಳಗೆ ಮನೆಗೆ ತಲುಪಿಸಿ."

"ಆ ಮಾಡೆಲ್ ನಿನ್ನೆಗೇ ಖಾಲಿಯಾಯ್ತು ಸರ್. ಯಾಕೋ ಗೊತ್ತಿಲ್ಲ, ನಿಮ್ಮ ಊರಲ್ಲಿ ಇದ್ದಕ್ಕಿದ್ದಂತೆ ತುಂಬಾ ಬೇಡಿಕೆ ಬಂತು. ಅದು ನೋಡಿ ಬೇರೆ ಬೇರೆ ಊರವರೂ ಮುಗಿಬಿದ್ದರು. ಇನ್ನು ಬರೋದು ಮುಂದಿನ ತಿಂಗಳು." ಆಕೆ ವಿಳಾಸ ನೋಡಿ, ಸಮಾಧಾನ ಮಾಡಲೆಂದೋ ಏನೋ, ಹೇಳಬಾರದ ಮಾತನ್ನು ಹೇಳಿಬಿಟ್ಟಳು. "ಅಯ್ಯೋ, ನಿಮ್ಮ ರಸ್ತೆಗೇ ಒಂದು ಬಂದಿದೆಯಲ್ಲ ಸರ್! ಒಬ್ಬ ಮೇಡಮ್ಮು ತಗೊಂಡಿದಾರೆ. ಅರ್ಧ ಬೆಲೆಗೆ."

"ಎಷ್ಟಕ್ಕೆ?"

"ಅರ್ಧಕ್ಕೆ ಸರ್."

ಫೋನು ಕೆಳಗಿಟ್ಟ ಮೇಲೂ ಮುಕ್ಕಾಲಪ್ಪನ ಬಾಯಿ ಮುಚ್ಚಲಿಲ್ಲ. ಅರ್ಧಕ್ಕೆ! ಕಂಪನಿಯಿಂದ ನೇರವಾಗಿ! ತನ್ನ ಬೀದಿಯಲ್ಲೇ! ಮೊದಲು ಹೊಟ್ಟೆ ಉರಿಯಿತು. ಆಮೇಲೆ ಆ ಉರಿ ನಿಧಾನವಾಗಿ ಭಕ್ತಿಗೆ ತಿರುಗಿತು. ಎಂಥಾ ಹೆಂಗಸಿರಬೇಕು ಅವಳು! ಎಷ್ಟು ದೂರ ನಡೆದು ಹೋಗಿರಬೇಕು! ಒಳಗೆ ಹೆಂಡತಿ ನಾಳೆಯ ಪಾಠಕ್ಕೆಂದು ಹೊಸ ಸೀಮೆಸುಣ್ಣ, ಹಲಗೆ ಹೊಂದಿಸುತ್ತಿದ್ದಳು. ಕಂಪ್ಯೂಟರ್ ಎಲ್ಲಿ ಎಂದು ಕೇಳಲೂ ಇಲ್ಲ. ಕೇಳಿದ್ದರೆ ಇಷ್ಟು ನೋಯುತ್ತಿರಲಿಲ್ಲ. "ಬೆಳಿಗ್ಗೆ ಹತ್ತರೊಳಗೆ ತಂದೇ ತರ್ತೀನಿ" ಎಂದ. "ಹೂಂ" ಎಂದಳು, ತಲೆ ಎತ್ತದೆ.

ಭಾನುವಾರ ಪೇಟೆ ಅಂಗಡಿಗಳಿಗೆ ರಜೆ, ಸೋಮವಾರ ಅವುಗಳ ಬಾಗಿಲು ತೆರೆಯುವುದೇ ಹನ್ನೊಂದಕ್ಕೆ. ಉಳಿದದ್ದು ಒಂದೇ ದಾರಿ. ಆ ಮಹಾತಾಯಿಯನ್ನು ಹುಡುಕಬೇಕು, ಕಾಲು ಹಿಡಿದಾದರೂ ಒಂದು ಗಂಟೆಯ ಮಟ್ಟಿಗೆ ಯಂತ್ರ ಕೇಳಬೇಕು, ಕೊಡಲೊಪ್ಪಿದರೆ ಪೂರ್ತಿ ಬೆಲೆಗೆ ಕೊಂಡೇಬಿಡಬೇಕು. ಬೆಳಗಾಗುತ್ತಲೇ ಮುಕ್ಕಾಲಪ್ಪ ಮಾಸ್ತರರನ್ನು ಕರೆದುಕೊಂಡು ಬೀದಿಯ ಮನೆ ಮನೆಗೆ ಹೊರಟ.

ಮಾಸ್ತರರ ಸೊಸೆ, "ನಾನಾ? ನನಗೆ ಮಿಕ್ಸೀನೇ ಪೂರ್ತಿ ಬೆಲೆಗೆ ಬಂತು" ಎಂದಳು. ಕಟಿಂಗ್ ಶಾಪಿನವನ ತಾಯಿ, ಕಂಪ್ಯೂಟರ್ ಅರ್ಧಕ್ಕೆ ಎಂಬುದಷ್ಟೇ ಕೇಳಿಸಿ, "ನನಗೂ ಒಂದು ತಗೊಂಬಾರಪ್ಪ" ಎಂದು ಸೆರಗಿನ ಗಂಟು ಬಿಚ್ಚತೊಡಗಿದರು. ಮೂಲೆ ಮನೆಯಾಕೆ, ತನ್ನನ್ನು ಕಳ್ಳಿ ಎನ್ನುತ್ತಿದ್ದಾನೆಂದು ತಿಳಿದು ಪೊರಕೆ ತೆಗೆದುಕೊಂಡಳು. ಪ್ರತಿ ಬಾಗಿಲಲ್ಲೂ ಮುಕ್ಕಾಲಪ್ಪ, "ಪೂರ್ತಿ ಬೆಲೆ ಕೊಡ್ತೀನಿ, ಮೇಲೂ ಕೊಡ್ತೀನಿ" ಎನ್ನುತ್ತಿದ್ದ. ಅದನ್ನು ಕಿವಿಯಾರೆ ಕೇಳಲೆಂದೇ ಹಿಂದೊಂದು ಗುಂಪು ಸೇರಿತು. ಅವನಿಗೇನಾದರೂ ಜ್ವರ ಬಂದಿದೆಯೇ ಎಂದು ಒಬ್ಬರು ಮೆಲ್ಲಗೆ ಮಾಸ್ತರರನ್ನು ವಿಚಾರಿಸಿದರು.

ಹತ್ತು ಹೊಡೆಯಿತು. ಉಳಿದದ್ದು ಒಂದೇ ಬಾಗಿಲು, ಪಕ್ಕದ ನರ್ಸಮ್ಮನದು. ಸುಮ್ಮನೆ ದುಡ್ಡು ಕಟ್ಟಿ ಎಂದು ಮೊದಲ ದಿನವೇ ಹೇಳಿದ ಹೆಂಗಸು ಇಂಥ ಚತುರೆಯಾಗಿರಲು ಸಾಧ್ಯವೇ ಇಲ್ಲವೆಂದು ಅವನು ಅದನ್ನು ಬಿಟ್ಟೇ ಬಂದಿದ್ದ. ಈಗ ಹೋಗಿ ಬಡಿದ. ಬಾಗಿಲು ತೆರೆಯುತ್ತಲೇ ಎರಡೂ ಕೈ ಜೋಡಿಸಿದ.

"ನರ್ಸಮ್ಮ, ಅರ್ಧಕ್ಕೆ ತಗೊಂಡ ಆ ಪುಣ್ಯಾತ್ಗಿತ್ತಿ ನೀವೇ ಆದ್ರೆ ನಿಮ್ಮ ಕಾಲಿಗೆ ಬೀಳ್ತೀನಿ! ನನ್ನ ಜಂಬಕ್ಕೆ ಬೆಂಕಿ ಬೀಳ! ನನ್ನ ಹೆಂಡತಿ ಕ್ಲಾಸು ತಪ್ಪಿಹೋಗ್ತಿದೆ. ಅವಳ ಮುಖ ನಾನು ಹೇಗೆ ನೋಡ್ಲಿ?"

"ಶ್!" ಎಂದು ನರ್ಸಮ್ಮ ಬಾಯಿ ಮೇಲೆ ಬೆರಳಿಟ್ಟರು. "ಮೆತ್ತಗೆ. ಕ್ಲಾಸ್ ನಡೀತಿದೆ."

ಒಳಗಿನಿಂದ ಪರಿಚಿತ ದನಿ ಬಂತು. "ಒಂದು ರೊಟ್ಟಿ ಇದೆ ಮಕ್ಕಳೇ. ಅದರಲ್ಲಿ ಕಾಲು ಭಾಗ ಬೆಕ್ಕು ತಿಂತು. ಉಳಿದದ್ದೆಷ್ಟು?"

"ಮುಕ್ಕಾಲೂ!" ಎಂದು ನೂರಾರು ಮಕ್ಕಳು ಒಟ್ಟಿಗೆ ಕೂಗಿದಂತಾಯಿತು. ತನ್ನನ್ನೇ ಹಂಗಿಸುತ್ತಿದ್ದಾರೆಂದು ಮುಕ್ಕಾಲಪ್ಪ ಬೆಚ್ಚಿದ. ಪರದೆ ಸರಿಸಿ ನೋಡಿದ. ನರ್ಸಮ್ಮನ ಊಟದ ಮೇಜಿನ ಮೇಲೆ ಹೊಚ್ಚ ಹೊಸ ಕಂಪ್ಯೂಟರ್. ಅದರ ತುಂಬ ಮಕ್ಕಳ ಮುಖ, ಒಂದೊಂದೂ ಅಂಗೈ ಅಗಲ. ಎದುರಿಗೆ ಹೆಂಡತಿ. ಕಣ್ಣಲ್ಲಿ ನೀರಿಲ್ಲ, ಮುಖದಲ್ಲಿ ಒಗ್ಗರಣೆ ಹಾಕುತ್ತ ಹಾಡಿದ ದಿನದ ಕಳೆ.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬ ಮಾತು ಇವನಿಗೆಂದೇ ಹುಟ್ಟಿದ್ದು. ಮುಕ್ಕಾಲಪ್ಪ ನರ್ಸಮ್ಮನ ಮನೆಯ ನೆಲದ ಮೇಲೆ ಹಾಗೇ ಕುಸಿದು ಕೂತ. ಹಿಂದೆ ಬಂದಿದ್ದ ಗುಂಪೂ ಮೆಲ್ಲಗೆ ಕೂತಿತು. ಕ್ಲಾಸು ಮುಗಿಯುವವರೆಗೆ ಭಿನ್ನರಾಶಿಯ ಪಾಠವನ್ನು ಇಡೀ ಬೀದಿ ಕೇಳಿತು. ಮಾಸ್ತರರಂತೂ ಒಂದೆರಡು ಸಲ ಕೈಯೆತ್ತಿದರು.

ಮುಖ್ಯಸ್ಥರು, "ಬಹಳ ಚೆನ್ನಾಗಿತ್ತು ಮೇಡಂ, ನಾಳೆಯಿಂದಲೇ ಶುರು ಮಾಡಿ" ಎಂದದ್ದು ಎಲ್ಲರಿಗೂ ಕೇಳಿಸಿತು. ಟೀಚರಮ್ಮ ಪರದೆ ಆರಿಸಿ ತಿರುಗಿದಳು. ಗಂಡ ನೆಲದ ಮೇಲೆ ಕೂತಿದ್ದ.

"ಅರ್ಧಕ್ಕೆ ಹೇಗೆ ಕೊಟ್ರೇ?" ಎಂದ. ಮೊದಲು ಬಾಯಿಗೆ ಬಂದದ್ದು ಅದೇ, ಏನು ಮಾಡುವುದು? "ಎಷ್ಟು ದೂರ ನಡೆದು ಹೋಗಿದ್ದೆ?"

"ನಾನು ಎಲ್ಲಿಗೂ ಹೋಗ್ಲಿಲ್ಲ ಕಣ್ರೀ. ಕೂತೇ ಇದ್ದೆ." ಅವಳು ನಕ್ಕಳು. "ನೀವು ಒಂದು ಮಾರ್ಕು ಕೊಟ್ಟು ಬಂದ್ರಲ್ಲ, ಆ ಹುಡುಗನ ಹತ್ರ ಕ್ಷಮೆ ಕೇಳೋಣ ಅಂತ ಇಲ್ಲಿಂದ ಕಂಪನಿಗೆ ಫೋನ್ ಮಾಡಿ ಅವನನ್ನೇ ಕೇಳಿ ಹಿಡಿದೆ. ಮಗು ಇನ್ನೂ ಅಳ್ತಾನೇ ಇತ್ತು. ಭಿನ್ನರಾಶಿ! ಫೋನ್ ಮಗು ಕೈಗೆ ಕೊಡಪ್ಪ ಅಂದೆ. ರೊಟ್ಟಿ, ಬೆಕ್ಕು ಎಲ್ಲ ಹೇಳಿ ಅರ್ಥ ಮಾಡಿಸಿದೆ. ಅದು ನಗೋಕೆ ಶುರು ಮಾಡ್ತು. ಆ ಹುಡುಗ ಮಾತುಮಾತಿಗೂ ಅಕ್ಕಾ ಅಕ್ಕಾ ಅಂತಿದ್ದ. ಅವರ ಕಂಪನೀಲಿ ಕೆಲಸದವರ ಮನೆಯವರಿಗೆ ಅಂತ ವರ್ಷಕ್ಕೊಂದು ಅರ್ಧ ಬೆಲೆಗೆ ಕೊಡ್ತಾರಂತೆ. ತನ್ನ ಪಾಲಿನದನ್ನ ನನಗೆ ಕೊಟ್ಟ. ಅವನ ಸಾಹೇಬರು, ಯಾರಯ್ಯ ಇವರು ನಿನಗೆ ಅಂದ್ರೆ, ನನ್ನ ಮಗಳಿಗೆ ಲೆಕ್ಕ ಕಲಿಸಿದ ಅಕ್ಕ ಸಾರ್ ಅಂದನಂತೆ. ಅವರೂ ನಕ್ಕು ಸೈನ್ ಹಾಕಿದ್ರಂತೆ."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

"ಊರಿಗೆಲ್ಲ ಡಂಗುರ ಹೊಡೆದಿದ್ರಲ್ಲ. ನೀವು ಗೆದ್ದು ತಂದ್ರೆ ಇದನ್ನ ವಾಪಸ್ ಕಳಿಸೋಣ ಅಂತಿದ್ದೆ. ನಿಮ್ಮ ಮರ್ಯಾದೆ ನನಗೆ ಬೇಡ್ವಾ?"

ಮುಕ್ಕಾಲಪ್ಪ ಎದ್ದು ಹೆಂಡತಿಯ ಹಲಗೆ, ಸೀಮೆಸುಣ್ಣ ಎತ್ತಿಡತೊಡಗಿದ. ಅಷ್ಟರಲ್ಲಿ ಹೆಂಡತಿಯ ಫೋನು ಬಡಿದುಕೊಂಡಿತು. ಅದೇ ಸಾಧುವಾದ ದನಿ.

"ಅಕ್ಕಾ, ಕ್ಲಾಸ್ ಹೇಗಾಯ್ತು? ಪುಟ್ಟಿ ಬೆಳಿಗ್ಗೆಯಿಂದ ಕೇಳ್ತಿದಾಳೆ. ಹಾಂ, ಭಾವ ಇದಾರಾ? ಕೊಡಿ ಒಂಚೂರು."

ಮುಕ್ಕಾಲಪ್ಪ ಫೋನು ತೆಗೆದುಕೊಂಡು ಸ್ಪೀಕರ್ ಹಾಕಿದ. "ಮೂರನೇ ಕೂಗು" ಎಂದು ಮಾಸ್ತರರು ಪಿಸುಗುಟ್ಟಿದರು.

"ನಮಸ್ಕಾರ ಭಾವ. ಆ ಕಂಪ್ಯೂಟರಿಗೆ ಇನ್ನೆರಡು ವರ್ಷದ ವಾರಂಟಿ ಹಾಕಿಸ್ಕೊಳ್ಳೋದು ಒಳ್ಳೇದು. ಆದ್ರೆ ಭಾವ, ಬೇಜಾರು ಮಾಡ್ಕೋಬೇಡಿ, ಅದರ ಬೆಲೇಲಿ ಒಂದು ಪೈಸೇನೂ ಕಡಿಮೆ ಮಾಡೋಕೆ ನನಗೆ ಅಧಿಕಾರ ಇಲ್ಲ." ಮುಕ್ಕಾಲಪ್ಪನ ಪರಿಚಯ ಚೆನ್ನಾಗಿದ್ದುದರಿಂದ ಹುಡುಗನ ದನಿ ಅಲ್ಲಿಗೇ ಸಣ್ಣಗಾಯಿತು.

ಬೀದಿಯ ಜನ ಉಸಿರು ಬಿಗಿಹಿಡಿದರು. ಮುಕ್ಕಾಲಪ್ಪ ಹೆಂಡತಿಯ ಮುಖ ನೋಡಿದ.

"ಸ್ವಂತ ಭಾವಮೈದುನನ ಹತ್ರ ಯಾರಾದ್ರೂ ಚೌಕಾಸಿ ಮಾಡ್ತಾರೇನಯ್ಯ? ಹಾಕು. ಪೂರ್ತಿ ಹಾಕು. ಮಗೂನ ಕರ್ಕೊಂಡು ಒಂದ್ಸಲ ಮನೆಗೆ ಬಾ."

ಮೂಲೆ ಮನೆಯಾಕೆಯ ಕೈಯಿಂದ ಪೊರಕೆ ಜಾರಿ ಬಿತ್ತು. ಫೋನು ಇಟ್ಟು ಇನ್ನೂ ಕೈ ತೆಗೆದಿರಲಿಲ್ಲ, ಅದು ಮತ್ತೆ ಬಡಿದುಕೊಂಡಿತು. ಅದೇ ರೆಕಾರ್ಡಾದ ಹೆಂಗಸು. "ನಮ್ಮ ಪ್ರತಿನಿಧಿಯ ಸೇವೆ ಹೇಗಿತ್ತು? ಒಂದರಿಂದ ಐದರೊಳಗೆ ಒಂದು ಸಂಖ್ಯೆಯನ್ನು ಒತ್ತಿ."

ಮುಕ್ಕಾಲಪ್ಪ ಕನ್ನಡಕ ಸರಿಮಾಡಿಕೊಂಡು, ಬಹಳ ಯೋಚಿಸಿ, ಆರು ಒತ್ತಿದ.

"ಕ್ಷಮಿಸಿ, ಐದಕ್ಕಿಂತ ಹೆಚ್ಚು ಸಾಧ್ಯವಿಲ್ಲ."

"ಏನಮ್ಮ ನೀನು, ಕೊಡ್ತೀನಿ ಅಂದ್ರೂ ಬೇಡ ಅಂತೀಯ?" ಎಂದು ಅವನು ಜಗಳಕ್ಕೇ ನಿಂತ. "ನಾನು ಕೊಡೋನೇ ಅಲ್ಲ, ಗೊತ್ತಾ? ಇವತ್ತು ಮನಸಾರೆ ಕೊಡ್ತಿದೀನಿ. ಹೋಗ್ಲಿ, ಐದೂಮುಕ್ಕಾಲಾದ್ರೂ ಮಾಡ್ಕೊ!"